ಬಿಟ್ಟದ್ದಷ್ಟೇ

ನಿನ್ನೆ ಯಲ್ಲಾಪುರದ ಶಾಲೆಯೊಂದರ ಬಯಲಿನಲ್ಲಿ ಹಗ್ಗಜಗ್ಗಾಟ ನಡೆದಿತ್ತು. ಎರಡೂ ಕಡೆಯವರು ಹಲ್ಲು ಕಚ್ಚಿ ಎಳೆಯುತ್ತಿದ್ದರೂ ಹಗ್ಗದ ನಡುವೆ ಕಟ್ಟಿದ ಕೆಂಪು ಬಟ್ಟೆ ನಿಂತಲ್ಲೇ ನಿಂತಿತ್ತು. ನನಗೆ ನಮ್ಮನೆಯ ತಾಮ್ರದ ಹಂಡೆ ನೆನಪಾಯಿತು.

ಮನೆ ಹಿಸೆಯಾಗಿ ಅಣ್ಣತಮ್ಮಂದಿರು ಪಾಲು ಹಂಚಿಕೊಂಡ ದಿನ ಆ ಹಂಡೆಯ ಒಂದು ಹಿಡಿ ಅಪ್ಪನ ಕೈಯಲ್ಲಿತ್ತು, ಇನ್ನೊಂದು ಚಿಕ್ಕಪ್ಪನ ಕೈಯಲ್ಲಿ. ಇಬ್ಬರ ಕುತ್ತಿಗೆಯ ನರಗಳೂ ಉಬ್ಬಿದ್ದವು, ಬಾಯಿಯಿಂದ ಎಲೆಯಡಿಕೆ ಕವಳದ ಕೆಂಪು ಇಳಿಯುತ್ತಿತ್ತು. ಬಲ ಸಮಸಮ, ಹಂಡೆ ಕದಲಲಿಲ್ಲ. ಜಗಳ ಇನ್ನೂ ಶುರುವಾಗಿಲ್ಲ ಎಂದೇ ನಾನು ತಿಳಿದಿದ್ದೆ.

"ಬಿಡ್ರೋ ಇಬ್ರೂವಾ," ಎಂದಳು ಅಜ್ಜಿ.

ಅವಳ ಮಾತನ್ನು ಒಂದು ದಿನವೂ ಕೇಳದ ಅಪ್ಪ ಅಂದು ಕೇಳಿದ.

ಚಿಕ್ಕಪ್ಪ ತಾನು ಜಗ್ಗಿದ ಜೋರಿಗೇ ಹಿಂದಕ್ಕೆ ಹಾರಿದ. ತಲೆ ಒರಳುಕಲ್ಲಿಗೆ ಬಡಿಯಿತು, ಹಂಡೆ ಎದೆಯ ಮೇಲೆ ಬಿತ್ತು. ರುಬ್ಬುವ ಗುಳಿಯಲ್ಲಿ ರಕ್ತ ನಿಂತಿತು.

"ಆನು ಹೊಡದ್ನಿಲ್ಲೆ. ಬಿಟ್ಟಿ, ಅಷ್ಟೇಯಾ," ಎಂದು, ತಾನು ಹೊಡೆದೇ ಇಲ್ಲವೆಂದು, ಅಪ್ಪ ಪಂಚೆಗೆ ಕೈ ಒರೆಸಿಕೊಂಡ. ಚಿಕ್ಕಪ್ಪ ಮತ್ತೆಂದೂ ನೆಟ್ಟಗೆ ನಡೆಯಲಿಲ್ಲ.

ನಿನ್ನೆಯೂ ಒಂದು ತಂಡ ಬೇಕೆಂದೇ ಹಗ್ಗ ಬಿಟ್ಟಿತು. ಬಿದ್ದವರನ್ನು ನೋಡಿ ಎಲ್ಲರೂ ನಕ್ಕರು. ನಾನು ಬಿಟ್ಟವರ ಮುಖ ನೋಡುತ್ತಿದ್ದೆ.