ಗೋಡೆ ನೋಡುವ ಡಾಕ್ಟರು

ಬೇರೆ ಡಾಕ್ಟರು ಮನೆಗೆ ಬಂದರೆ ಮೊದಲು ನಾಲಿಗೆ ನೋಡುತ್ತಾರೆ. ವಿಮಲಾ ಡಾಕ್ಟರು ಮೊದಲು ಗೋಡೆ ನೋಡುತ್ತಿದ್ದರು. ಚಪ್ಪಲಿ ಬಿಟ್ಟವರೇ ಬ್ಯಾಟರಿ ಹಿಡಿದು ಕತ್ತಲೆ ಮೂಲೆಗೆ ಹೋಗುವರು. ಗೋಡೆಯ ಮೇಲೆ ಕುಳಿತ ಸೊಳ್ಳೆಯ ಹತ್ತಿರ ಒಂದು ಗಾಜಿನ ನಳಿಗೆ ಹಿಡಿದು, ಅದರ ಇನ್ನೊಂದು ತುದಿಯ ರಬ್ಬರ್ ಕೊಳವೆಯನ್ನು ಬಾಯಲ್ಲಿಟ್ಟು ಸುರ್ರನೆ ಎಳೆಯುವರು. ಸೊಳ್ಳೆ ನಳಿಗೆಯೊಳಗೆ ಬಂದು ಬೀಳುತ್ತಿತ್ತು. ನಡುವೆ ತೆಳು ಬಟ್ಟೆಯ ತಡೆ ಇರುವುದರಿಂದ ಬಾಯಿಗೆ ಹೋಗುತ್ತಿರಲಿಲ್ಲ. ನನ್ನ ಅತ್ತೆಗೆ ಆ ಬಟ್ಟೆ ಮಾತ್ರ ಕೊನೆಗೂ ಕಾಣಿಸಲಿಲ್ಲ.

"ಇಷ್ಟೆಲ್ಲ ಕಲಿತು ಸೊಳ್ಳೆ ತಿಂಬ ಗತಿ ಬಂತಲೆ ತಂಗಿ" ಎಂದು ಮರುಗುತ್ತಿದ್ದರು.

"ಭಾಳ ರುಚಿ ಅದಾವ್ರಿ ಅಜ್ಜಿ, ನಿಮಗೊಂದು ಕೊಡ್ಲೇನು?"

ಮಕ್ಕಳೇ, ಆಗ ನಮ್ಮ ತಾಲೂಕು ಮುಂಬಯಿ ರಾಜ್ಯ ಬಿಟ್ಟು ಮೈಸೂರಿಗೆ ಸೇರಿ ಎರಡು ವರ್ಷವಾಗಿತ್ತು. ನಿಮ್ಮ ಅಜ್ಜ ಯಲ್ಲಾಪುರದ ಮರದ ನಾಟಾ ಡಿಪೋದಲ್ಲಿ ಗುಮಾಸ್ತರು. ಡಿಪೋದ ಹಿಂದಿನ ನಮ್ಮ ಕೇರಿಯಲ್ಲಿ ಹನ್ನೊಂದು ಮನೆ, ಎಲ್ಲವೂ ಮಣ್ಣಿನ ಗೋಡೆ, ಎಲ್ಲದರಲ್ಲೂ ಒಬ್ಬರಾದರೂ ಚಳಿಜ್ವರದವರು. ಡಾಕ್ಟರು ಹಾವೇರಿಯವರು, ಪೇಟೆಯ ಸುಣ್ಣದ ಗೋಡೆಯ ಮನೆಯಲ್ಲಿ ಬೆಳೆದವರು. ನಮ್ಮ ಜಗಲಿಯ ಪಕ್ಕದ ಕೋಣೆಯಲ್ಲಿ ಅವರ ಬಿಡಾರ. ಪರದೇಶದ ಒಂದು ಆರೋಗ್ಯ ಸಂಸ್ಥೆ ಅವರಿಗೆ ಫೆಲೋಶಿಪ್ ಕೊಟ್ಟಿತ್ತು. ಒಂದು ವರ್ಷ ಇಲ್ಲಿ ಮಲೇರಿಯಾ ಇಳಿಸಿ ತೋರಿಸಬೇಕು. ಮೆಚ್ಚಿದರೆ ಮುಂದೆ ಹೊರದೇಶದಲ್ಲಿ ಓದು.

ತಿಂಗಳಿಗೊಂದು ವರದಿ ಕಳಿಸಬೇಕಿತ್ತು. ವರದಿಯ ವಾರ ಬಂದರೆ ಊಟಕ್ಕೆ ಕುಳಿತ ಡಾಕ್ಟರು ಕಲಸಿದ ಅನ್ನವನ್ನೇ ಮತ್ತೆ ಮತ್ತೆ ಕಲಸುವರು. "ಈ ವರ್ಷ ಕೆಟ್ಟರ ಮುಗೀತು ವೈನಿ. ನಮ್ಮಪ್ಪ ವರ ನೋಡಿ ಇಟ್ಟಾರ" ಎಂದು ಅತ್ತಿಗೆಯೊಡನೆ ಹೇಳುವಂತೆ ನನಗೆ ಹೇಳಿ ನಗುವರು. ನಗುತ್ತಲೇ ಉಗುರು ಬಾಯಿಗೆ ಹೋಗುತ್ತಿತ್ತು. ಅಷ್ಟು ಪುಕ್ಕಲು ಕಂಡರೂ, ಮಕ್ಕಳ ಬೆರಳು ಚುಚ್ಚಿ ರಕ್ತ ತೆಗೆಯುವಾಗ ಮೊದಲು ತಮ್ಮ ಬೆರಳನ್ನೇ ಚುಚ್ಚಿಕೊಂಡು ತೋರಿಸುತ್ತಿದ್ದರು. ದಿನಕ್ಕೆ ಎಷ್ಟು ಮಕ್ಕಳೋ ಅಷ್ಟು ಸಲ.

ಮಳೆ ಬಿಟ್ಟ ಮೇಲೆ ಗೋಡೆಗೆ ಔಷಧ ಹೊಡೆಯುವ ಕೆಲಸ ಶುರುವಾಯಿತು. ಡಾಕ್ಟರು ಕೇರಿಯ ಗಂಡಸರನ್ನೆಲ್ಲ ಕೂರಿಸಿ, ಔಷಧ ಗೋಡೆಯ ಮೇಲೇ ಉಳಿಯಬೇಕು, ಅದರ ಮೇಲೆ ಕುಳಿತ ಸೊಳ್ಳೆ ಸಾಯುತ್ತದೆ, ಆದ್ದರಿಂದ ಗೋಡೆ ಮುಟ್ಟಬೇಡಿ ಎಂದರಂತೆ. ಯಾವ ಗಂಡಸೂ ಆ ಮಾತನ್ನು ಅಡುಗೆಮನೆಯವರೆಗೆ ತರಲಿಲ್ಲ. ನಮ್ಮ ಕೇರಿಯನ್ನು ಗಣಪು ಎಂಬ ಪಂಪಿನವನಿಗೆ ಒಪ್ಪಿಸಿ ಡಾಕ್ಟರು ಮಂಚಿಕೇರಿ ಕಡೆಗೆ ಹೋದರು, ಅಲ್ಲಿಂದ ದೀಪಾವಳಿಗೆ ಊರಿಗೆ. ಗಣಪು ಹೊಡೆದು ಹೋದ ಮೇಲೆ ಗೋಡೆಯ ತುಂಬ ಬಿಳಿ ಕಲೆ, ಕಟು ವಾಸನೆ.

"ದೊಡ್ಡಬ್ಬಕ್ಕೆ ಗೋಡೆ ಹಿಂಗಿದ್ರೆ ಆಗ್ತಿಲ್ಲೆ" ಎಂದರು ಅತ್ತೆ. ಪ್ರತಿವರ್ಷದ ದೀಪಾವಳಿಯಂತೆ ಕೆಮ್ಮಣ್ಣು, ಸಗಣಿ ಕಲಸಿ ಎಲ್ಲ ಗೋಡೆಗಳನ್ನೂ ನಾನೇ ಸಾರಿಸಿದೆ. ಡಾಕ್ಟರ ಕೋಣೆಯನ್ನೂ ಬಿಡಲಿಲ್ಲ. ಹನ್ನೊಂದು ಮನೆಯಲ್ಲೂ ಹಾಗೆಯೇ.

ಡಾಕ್ಟರು ಹಬ್ಬ ಮುಗಿಸಿ ಬಂದಾಗ ನಳಿಗೆಯ ತುಂಬ ಸೊಳ್ಳೆ. ಎರಡು ವರ್ಷದ ನಿಮ್ಮ ದೊಡ್ಡಪ್ಪ ದಿನ ಬಿಟ್ಟು ದಿನ ನಡುಗುತ್ತಿದ್ದ. ಅವರು ಗಣಪುವನ್ನು ಕರೆಸಿ ಅಂಗಳದಲ್ಲಿ ನಿಲ್ಲಿಸಿದರು.

"ಬಿಳಿ ಕಲೆನ ಇಲ್ಲ. ಬರೇ ನೀರು ಹೊಡದೀಯೇನು?"

"ಔಷಧದ ಪುಡಿ ಕಮ್ಮಿ ಹಾಕಲಿಲ್ಲ ಡಾಕ್ಟ್ರೇ. ಮಕ್ಕಳ ಮೇಲೆ ಆಣೆ."

"ಹಂಗಾದ್ರ ಔಷಧ ಗ್ವಾಡಿ ಇಳದು ನಡಕೊಂಡು ಹೋತೇನು?"

ಗಣಪುವನ್ನು ಕೆಲಸದಿಂದ ತೆಗೆಯಬೇಕೆಂದು ನಾಳೆಯೇ ಕಾಗದ ಬರೆಯುತ್ತೇನೆ ಎಂದರು. ಬಾಗಿಲ ಹಿಂದೆ ನಿಂತಿದ್ದ ನನಗೆ ಆಗ ಎಲ್ಲ ತಿಳಿಯಿತು. ಅತ್ತೆಗೂ ತಿಳಿಯಿತು. ನನ್ನ ರಟ್ಟೆ ಹಿಡಿದು, "ಹೇಳಡ, ಸುಮ್ನಿರು. ಸರಕಾರದ ಔಷಧ ಅಳಿಸಿದ್ದು ಗೊತ್ತಾದ್ರೆ ಮನೆಗೆ ಪೊಲೀಸು ಬತ್ತು" ಎಂದರು.

ನಾನು ಕಲಿತದ್ದು ತವರು ಹುಲೇಕಲ್ಲಿನ ಶಾಲೆಯಲ್ಲಿ ನಾಲ್ಕನೆಯ ಇಯತ್ತೆ, ಅಂದರೆ ನಾಲ್ಕನೆಯ ತರಗತಿ. ಹೊರಗಿನವರ ಎದುರು ನನಗೆ ಮಾತೇ ಹೊರಡುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಡಾಕ್ಟರು ಲಕೋಟೆಗೆ ಅಂಟು ಹಚ್ಚುತ್ತಿದ್ದರು. ನಾನು ದೋಸೆಯ ಸಟ್ಟುಗ ಹಿಡಿದು ಒಳಗೆ ಹೋದೆ. ಅವರ ಮೇಜಿನ ಪಕ್ಕದ ಗೋಡೆಯನ್ನು ಕೆರೆದೆ. ಕೆಮ್ಮಣ್ಣು ಉದುರಿತು. ಒಳಗೆ ಬಿಳಿ.

"ಯಾವಾಗ?"

"ಹಬ್ಬಕ್ಕೆ."

"ಎಲ್ಲಾ ಮನ್ಯಾಗೂ?"

ತಲೆಯಾಡಿಸಿದೆ. ಬೈಯುತ್ತಾರೆಂದು ಸಟ್ಟುಗ ಗಟ್ಟಿಯಾಗಿ ಹಿಡಿದು ನಿಂತಿದ್ದೆ. ಅವರು ನೆಲದ ಮೇಲೇ ಕುಳಿತುಬಿಟ್ಟರು. "ಹನ್ನೊಂದು ಮನಿ ಗಂಡಸರಿಗೆ ಹೇಳೇನಿ ವೈನಿ. ಗ್ವಾಡಿ ಸಾರಸೋರು ಯಾರಂತ ಒಬ್ಬರನ್ನೂ ಕೇಳಲಿಲ್ಲ." ಕಾಗದ ಹರಿದರು. ಆಗಲೇ ಗಣಪುವಿನ ಬಿಡಾರಕ್ಕೆ ನಡೆದುಹೋಗಿ ತಪ್ಪಾಯಿತೆಂದು ಕೈ ಮುಗಿದರಂತೆ. ಆ ವಾರವೇ ಕೇರಿಗೆ ಮತ್ತೊಮ್ಮೆ ಔಷಧ ಹೊಡೆಸಿದರು.

ಆ ತಿಂಗಳ ವರದಿಯಲ್ಲಿ, ಜ್ವರ ಇಳಿಯದಿದ್ದುದಕ್ಕೆ ತಮ್ಮ ತಪ್ಪೇ ಕಾರಣ ಎಂದು ಬರೆದರು. ನಿಮ್ಮ ಅಜ್ಜನಿಗೆ ಕನಿಕರವಾಯಿತು. "ಹೆಂಗಸರು ಕೆಡಿಸಿದ್ರು ಅಂತ ಬರೀರಿ. ನಿಮ್ಮ ಓದಿಗೆ ಯಾಕೆ ನೀವೇ ಕಲ್ಲು ಹಾಕ್ಕೊಳ್ತೀರಿ?"

"ಹಂಗ ಬರದ್ರ ಮುಂದಿನ ವರ್ಷನೂ ಗಂಡಸರಿಗೇ ಹೇಳಿ ಹೋಗ್ತಾರ್ರಿ" ಎಂದರು. ಉಗುರು ಕಚ್ಚುವುದು ಮಾತ್ರ ನಿಲ್ಲಲಿಲ್ಲ. ಟಪಾಲಿನವನ ಸೈಕಲ್ಲು ಕೇರಿಗೆ ತಿರುಗಿದರೆ ಅವರ ಜೊತೆ ನಾನೂ ಜಗಲಿಗೆ ಓಡುತ್ತಿದ್ದೆ.

ಬೇಸಿಗೆಯಲ್ಲಿ ಕೂಡಲೇ ಮುಂಬಯಿಗೆ ಬರಬೇಕೆಂದು ಸಂಸ್ಥೆಯ ತಂತಿ ಬಂತು. ಕಾರಣ ಬರೆದಿರಲಿಲ್ಲ. ಹುಬ್ಬಳ್ಳಿ ಬಸ್ಸಿನ ಕಿಟಕಿಯಿಂದ, "ಏನಾತು ಅಂತ ಬರೀತೀನಿ ವೈನಿ" ಎಂದರು. ಕಾಗದ ಬರಲಿಲ್ಲ. ಹೊರದೇಶಕ್ಕೆ ಹೋದರೋ, ಹಾವೇರಿಯಲ್ಲಿ ಆ ವರನನ್ನೇ ಮದುವೆಯಾದರೋ, ಇವತ್ತಿಗೂ ಗೊತ್ತಿಲ್ಲ.

ಆ ಬೇಸಿಗೆ ಕಳೆದು ಬಂದ ದೀಪಾವಳಿಗೆ ಇನ್ನೂ ಕೆಲವು ದಿನ ಇರುವಾಗ ಗಣಪು ಪಂಪು ಹೊತ್ತು ಬಂದ. ಜಗಲಿಯಲ್ಲಿದ್ದ ನಿಮ್ಮ ಅಜ್ಜನನ್ನು ದಾಟಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ.

"ಗೋಡೆ ಸಾರಿಸಿ ಆಯ್ತಾ ಅಮ್ಮ? ಹೆಂಗಸರನ್ನ ಕೇಳಿಯೇ ಹೊಡೀಬೇಕು ಅಂತ ಮೇಲಿಂದ ಕಾಗದ ಬಂದದೆ."

ಡಾಕ್ಟರು ಎಲ್ಲಿದ್ದಾರೆ ಎಂದು ಕೇಳಿದೆ. ಅವನಿಗೂ ತಿಳಿಯದು. ಅವರು ಬರೆದದ್ದನ್ನು ಯಾರೋ ಓದಿದ್ದಾರೆ ಎಂಬುದಷ್ಟೇ ನಮ್ಮಿಬ್ಬರಿಗೂ ತಿಳಿದದ್ದು.

"ಇನ್ನೂ ಸಾರಿಸಿಲ್ಲ" ಎಂದೆ, "ಎಂಟು ದಿನ ಬಿಟ್ಟು ಬಾ."

ಅವನು ಪಂಪು ಹೆಗಲಿಗೇರಿಸಿಕೊಂಡು ಹೊರಟುಹೋದ.