ಕಿಟಕಿ ತೋರ್ಸಪ್ಪ

ಹೊಳಲ್ಕೆರೆಯಲ್ಲಿ ಸಂಬಂಧ ಕುದುರಿಸುವ ಕೊಟ್ರೇಶಪ್ಪನವರು ಮೊದಲೆಲ್ಲ ಗಂಡಿನ ಜಾತಕ ಕೇಳುತ್ತಿದ್ದರು. ಅಮೆರಿಕದ ವೀಸಾ ಬಿಗಿಯಾದ ಮೇಲೆ ಕಿಟಕಿ ಕೇಳುತ್ತಾರೆ. ಕೆಲಸ ಹೋಗಿ, ವೀಸಾ ಮುಗಿದು, ಸದ್ದಿಲ್ಲದೆ ಊರಿಗೆ ಬಂದು ಕೂತ ಇಂಜಿನಿಯರುಗಳು ಇನ್ನೂ ಅಲ್ಲೇ ಇದ್ದೇವೆಂದು ಹೇಳಿಕೊಂಡು ಹೆಣ್ಣು ಹುಡುಕುತ್ತಾರೆ ಎಂಬುದು ಅವರ ಗುಮಾನಿ. ಅದಕ್ಕೇ ಬೆಳಗಿನ ತಿಂಡಿ ಮುಗಿಸಿದವರೇ ವಿಡಿಯೊ ಕಾಲ್ ಮಾಡಿ, "ಏನಪ್ಪಾ, ಊಟ ಆತಾ? ಹಂಗೇ ಕಿಟಕಿ ತೆಗ್ದು ಹೊರಗೆ ತೋರ್ಸು" ಎನ್ನುತ್ತಾರೆ. ಇಲ್ಲಿ ಹಗಲಾದರೆ ಅಲ್ಲಿ ರಾತ್ರಿ ಇರಬೇಕು, ಅಷ್ಟೆ. ಕತ್ತಲು ಕಂಡರೂ ಸಮಾಧಾನವಿಲ್ಲ. ಫೋನನ್ನು ಕಿವಿಗೆ ಒತ್ತಿಕೊಂಡು ಆಲಿಸುತ್ತಾರೆ. "ಅಮೆರಿಕದಾಗೂ ಸೊಪ್ಪು ಮಾರೋರು ಕೂಗ್ತಾರೇನ್ರಿ?" ಎಂದು ಕೇಳಿ ಮೊನ್ನೆ ಭರಮಸಾಗರದ ಸಂಬಂಧವೊಂದನ್ನು ಮುರಿದೇ ಹಾಕಿದರು. ಹುಡುಗನ ಕೆನ್ನೆ ತುಂಬಿಕೊಂಡಿದ್ದರಂತೂ ಅವ್ವನ ಕೈಯಡುಗೆ ಉಣ್ಣುತ್ತಿದ್ದಾನೆಂದೇ ಅರ್ಥ. ಇವತ್ತು ಬೆಳಿಗ್ಗೆ ಮಾತ್ರ ಅವರು ಯಾರಿಗೂ ಫೋನ್ ಮಾಡಲಿಲ್ಲ. ಒಳಕೋಣೆಯ ಕಿಟಕಿಗೆ ಕರಿ ಕಂಬಳಿ ಕಟ್ಟಿದರು, ಸೊಪ್ಪಿನವಳನ್ನು ಬಾಗಿಲಲ್ಲೇ ತಡೆದು ಆಚೆ ಬೀದಿಗೆ ಕಳಿಸಿದರು, ಆಮೇಲೆ ಹೋದ ತಿಂಗಳು ಅಮೆರಿಕದಿಂದ ವಾಪಸ್ ಬಂದ ಮಗಳು ಪಲ್ಲವಿಯ ಮುಂದೆ ಫೋನಿಟ್ಟು ಮೆಲ್ಲಗೆ ಹೇಳಿದರು: "ಗಂಡಿನೋರು ಕಾಲ್ ಮಾಡ್ತಾರೆ. ಲೈಟ್ ಹಾಕ್ಕಂಡು ಕುಂತ್ಕ. ನಡುನಡುವೆ ಆಕಳ್ಸವ್ವ, ನಿಂಗೀಗ ರಾತ್ರಿ."