ಹರಳೆಣ್ಣೆ ಹಚ್ಚಿಕೊಂಡು ಜಪಾನಿನ ನೀರಿಗಿಳಿದದ್ದು

ಅಬು ಹಲೀಫಾದ ನಮ್ಮ ಹಳೆಯ ಫ್ಲ್ಯಾಟಿನಲ್ಲಿ ಗೀಸರ್ ಒಬ್ಬರ ಸ್ನಾನಕ್ಕೆ ಸಾಕಾಗುವಷ್ಟು ಮಾತ್ರ ಬಿಸಿನೀರು ಕೊಡುತ್ತಿದ್ದ ಕಾಲ ಅದು. ಕುವೈತಿನಲ್ಲಿ ಬೇಸಿಗೆಗೆ ಈ ತೊಂದರೆಯಿಲ್ಲ. ಮಹಡಿಯ ಮೇಲಿನ ಟ್ಯಾಂಕು ಕಾದು ತಣ್ಣೀರಿನ ನಲ್ಲಿಯಲ್ಲೇ ಸುಡುನೀರು ಬರುತ್ತದೆ. ಗೀಸರಿನ ಸ್ವಿಚ್ ಆರಿಸಿಟ್ಟು, ಅದರೊಳಗೆ ತಣಿದ ನೀರನ್ನೇ ತಣ್ಣೀರೆಂದು ಬಳಸುವ ಜನ ನಾವು. ಗಲ್ಫಿನಲ್ಲಿ ಬೆಳೆದವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ದೀಪಾವಳಿ ಬರುವುದು ಬಿಸಿಲು ಇಳಿದ ಮೇಲೆ, ಬೆಳಗಿನ ನೀರು ಕೊರೆಯುವಷ್ಟು ತಣ್ಣಗಾದ ಮೇಲೆ.

ನರಕ ಚತುರ್ದಶಿಯ ದಿನ ಅಮ್ಮ ಹಾಲಿನಲ್ಲಿ ಹಳೆ ಪೇಪರ್ ಹಾಸಿ, ಮಣೆ ಇಟ್ಟು, ಹರಳೆಣ್ಣೆ ಬೆಚ್ಚಗೆ ಮಾಡಿಕೊಂಡು ಬರುತ್ತಿದ್ದಳು. ನೆತ್ತಿಯ ಮೇಲೆ ಎಣ್ಣೆ ಸುರಿದು ತಟ್ಟುತ್ತಿದ್ದಳು ನೋಡಿ, ಕಿವಿಯಲ್ಲಿ ಜುಂ ಎನ್ನುತ್ತಿತ್ತು. ಅಪ್ಪನದು ರಾಯ್ ಎಂಬ ಕೈಗಾರಿಕಾ ಪ್ರದೇಶದಲ್ಲಿ ಕಾರು ಕಂಪನಿಯೊಂದರ ವರ್ಕ್‌ಶಾಪಿನಲ್ಲಿ ಎಂಜಿನಿಯರ್ ಕೆಲಸ. ಹಬ್ಬವೆಂದು ಅಲ್ಲಿ ಯಾರು ರಜೆ ಕೊಡುತ್ತಾರೆ? ಬಿಸಿನೀರು ಮೊದಲು ಅಪ್ಪನಿಗೆ. ಆಮೇಲೆ ನನಗೆ ಉಗುರುಬೆಚ್ಚಗಿನದು. ಅಮ್ಮನ ಸರದಿ ಬರುವಾಗ ಗೀಸರ್ ಕೈಯೆತ್ತಿಬಿಡುತ್ತಿತ್ತು. ಅಮ್ಮ ತಣ್ಣೀರಿನಲ್ಲೇ ಸೀಗೆಪುಡಿ ತಿಕ್ಕಿಕೊಂಡು, ತುಟಿ ನಡುಗಿಸುತ್ತಾ ಹೊರಗೆ ಬಂದು, "ಇದು ನೀರು ಹಾಕ್ಕೊಳ್ಳೋದಲ್ಲ ಕಣೇ, ಮೈ ಒದ್ದೆ ಮಾಡ್ಕೊಳ್ಳೋದು" ಅನ್ನುತ್ತಿದ್ದಳು. ಜೀವಮಾನದಲ್ಲಿ ಇನ್ನೊಂದು ಸಲ ಸುಡುಸುಡು ನೀರಲ್ಲಿ ಹಬ್ಬದ ಸ್ನಾನ ಆಗಬೇಕು ಅನ್ನುವುದು ಅವಳ ಆಸೆ. ಅದೇನು ದೊಡ್ಡ ಆಸೆಯೇ ಹೇಳಿ.

ನನಗೆ ಹತ್ತು ವರ್ಷವಿದ್ದಾಗ ಕಂಪನಿಯವರು ಅಪ್ಪನನ್ನು ತರಬೇತಿಗೆಂದು ಜಪಾನಿಗೆ ಕಳಿಸಿದರು. ಅಪ್ಪ ನಮ್ಮನ್ನೂ ಕರೆದುಕೊಂಡು ಹೋದರು. ತರಬೇತಿ ಮುಗಿದ ಮೇಲೆ ಬೆಟ್ಟದ ನಡುವಿನ ಒಂದು ಸಣ್ಣ ಊರಿನಲ್ಲಿ ಎರಡು ದಿನ ಕಂಪನಿಯವರೇ ನಮ್ಮನ್ನು ಉಳಿಸಿದ್ದರು. ನೆಲದಿಂದ ಬಿಸಿನೀರು ಉಕ್ಕುವ ಊರು. ಚರಂಡಿಯಿಂದಲೂ ಹಬೆ ಏಳುತ್ತಿತ್ತು. ಬೀದಿ ತುಂಬಾ ಗಂಧಕದ ವಾಸನೆ, ಬೇಯಿಸಿದ ಮೊಟ್ಟೆ ಸುಲಿದಾಗ ಬರುತ್ತದಲ್ಲ, ಆ ಥರ. ಮೂಲೆಮೂಲೆಗೂ ಸಾರ್ವಜನಿಕ ಸ್ನಾನದ ಮನೆ. ಜನ ಒಂದೇ ಬಣ್ಣದ ನಿಲುವಂಗಿ ತೊಟ್ಟು, ಮರದ ಚಪ್ಪಲಿ ಟಕಟಕ ಅನ್ನಿಸುತ್ತಾ, ಒಂದು ಸ್ನಾನದ ಮನೆಯಿಂದ ಇನ್ನೊಂದಕ್ಕೆ ಗುಡಿ ಸುತ್ತುವವರ ಹಾಗೆ ಸುತ್ತುತ್ತಿದ್ದರು.

ಅಮ್ಮ ಬೀದಿಯ ನಡುವೆ ನಿಂತು ಆ ಹಬೆಯನ್ನು ನೋಡಿದಳು. "ಇಷ್ಟೂ ನೀರು ಸೌದೆ ಇಲ್ದೆ ಕಾಯುತ್ತೇನ್ರೀ?" ಎಂದು ಕೇಳಿದಳು. ಮಾರನೆಯ ದಿನ ನರಕ ಚತುರ್ದಶಿ ಎಂದು ಅವಳಿಗೆ ಕುವೈತಿನಿಂದ ಹೊರಡುವಾಗಲೇ ಗೊತ್ತಿತ್ತು. ಸೂಟ್‌ಕೇಸಿನಲ್ಲಿ ನಾಲ್ಕು ಪ್ಲಾಸ್ಟಿಕ್ ಕವರಿನೊಳಗೆ ಹರಳೆಣ್ಣೆಯ ಬಾಟಲಿ ಇತ್ತು.

ಅಪ್ಪನದು ಆ ಪ್ರವಾಸದುದ್ದಕ್ಕೂ ಒಂದೇ ಪಾಠ. "ಯಾರೂ ನಮ್ಮನ್ನ ತಿರುಗಿ ನೋಡೋ ಹಾಗೆ ಆಗ್ಬಾರ್ದು. ಅವರು ಹ್ಯಾಗೆ ಮಾಡ್ತಾರೋ ಹಾಗೆ ಮಾಡಿ, ಸಾಕು." ಬೆಳಗ್ಗೆ ವಸತಿಗೃಹದ ಕೋಣೆಯಲ್ಲಿ ಅಮ್ಮ ಎಣ್ಣೆ ತೆಗೆದಾಗ ಅವರ ಮುಖ ಗಂಟಿಕ್ಕಿತು. "ಇಲ್ಲಿ ಇವೆಲ್ಲ ಬೇಕೇನೇ?"

"ಹಬ್ಬದ ದಿನ ತಲೆಗೆ ಎಣ್ಣೆ ಇಡದೆ ನೀರಿಗಿಳೀತಾರೇನ್ರೀ? ಶಾಸ್ತ್ರಕ್ಕೆ ನಿಮಗೊಂದು ಬೊಟ್ಟು, ಬನ್ನಿ." ಅಪ್ಪನ ನೆತ್ತಿಗೆ ಒಂದೇ ಬೊಟ್ಟು. ನನಗೂ ಅವಳಿಗೂ ಮಾತ್ರ ತಲೆಯಿಂದ ಅಂಗಾಲಿನವರೆಗೆ. ಮೈ ಜಾರುವಷ್ಟು ಹಚ್ಚಿ, ಮೇಲೆ ನಿಲುವಂಗಿ ತೊಡಿಸಿ, ಸೀಗೆಪುಡಿಯ ಪೊಟ್ಟಣ ಕೈಯಲ್ಲಿ ಹಿಡಿದು ಹೊರಟಳು.

ಸ್ನಾನದ ಮನೆ ಮರದ್ದು. ಅಪ್ಪ ಗಂಡಸರ ಬಾಗಿಲಿಗೆ ಹೋದರು, ನಾವು ಹೆಂಗಸರ ಬಾಗಿಲಿಗೆ. ಒಳಗೆ ಬಟ್ಟೆ ಹಾಕಿಕೊಂಡು ಇಳಿಯುವ ಹಾಗಿಲ್ಲ ಎಂದು ಗೊತ್ತಾದಾಗ ನಾನು ಕಂಬ ಹಿಡಿದು ನಿಂತುಬಿಟ್ಟೆ. "ನೋ ವೇ, ಅಮ್ಮಾ." ಆಗ ನಾನು ಕನ್ನಡಕ್ಕೆ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದವಳು.

"ಊರಿಗೆ ಬಂದೋಳು ನೀರಿಗೆ ಬರ್ದೇ ಇರ್ತಾಳಾ? ಬಾರೇ" ಎಂದು ಅಮ್ಮ ನಕ್ಕಳು. ನಾನು ಸಣ್ಣ ಟವೆಲ್ಲು ಅವಚಿಕೊಂಡು ನೆಲ ನೋಡುತ್ತಾ ಹಿಂಬಾಲಿಸಿದೆ. ನನ್ನ ಆವತ್ತಿನ ನಾಚಿಕೆ ಅಲ್ಲಿಂದ ಶುರು. ಆದರೆ ಅದು ಏನೂ ಅಲ್ಲ.

ಗೋಡೆಯ ಮೇಲೆ ಚಿತ್ರದ ಬೋರ್ಡಿತ್ತು. ಒಬ್ಬಳು ಕೂತು ಪುಟ್ಟ ಬೋಗುಣಿಯಿಂದ ಮೈಮೇಲೆ ನೀರು ಸುರಿದುಕೊಳ್ಳುತ್ತಿದ್ದಾಳೆ, ಆಮೇಲೆ ತೊಟ್ಟಿಗೆ ಇಳಿಯುತ್ತಿದ್ದಾಳೆ. ಅಮ್ಮ ಚಿತ್ರ ನೋಡಿ, ಹಾಗೆಯೇ ಕೂತು, ನನಗೂ ತನಗೂ ಒಂದೆರಡು ಬೋಗುಣಿ ನೀರು ಸುರಿದಳು. ನಮ್ಮ ಪದ್ಧತಿಯಲ್ಲಿ ಎಣ್ಣೆ ಮೊದಲು ಬಿಸಿನೀರಿನಲ್ಲಿ ಮೈಗೆ ಇಳಿಯಬೇಕು, ಸೀಗೆಪುಡಿ ಆಮೇಲೆ. ಇಲ್ಲಿ ಸೋಪು ಹಾಕಿ ಪೂರ್ತಿ ತೊಳೆದುಕೊಂಡೇ ಇಳಿಯಬೇಕು, ತೊಟ್ಟಿ ಇರುವುದು ಕೊಳೆ ಕಳೆಯುವುದಕ್ಕಲ್ಲ ಎಂದು ನಮಗೆ ಯಾರು ಹೇಳಿದ್ದರು? ನಾವು ಕೂದಲು ಬಿಚ್ಚಿ ಹಾಕಿಕೊಂಡು ಕುತ್ತಿಗೆಯ ತನಕ ನೀರಿಗಿಳಿದೆವು.

ಅಮ್ಮ ಕಣ್ಣು ಮುಚ್ಚಿದಳು. "ಅಯ್ಯಪ್ಪಾ" ಎಂದು ಒಂದು ಉಸಿರು ಬಿಟ್ಟಳು. ಅವಳ ಮುಖ ಅಷ್ಟು ಹಗುರಾಗಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಎದುರಿಗೆ ಕೂತಿದ್ದ ಬೆಳ್ಳಿಗೂದಲಿನ ಅಜ್ಜಿಯೊಬ್ಬಳು ನೀರಿನ ಮೇಲೆ ಬೆರಳಾಡಿಸಿ, ಬೆರಳನ್ನು ಮೂಗಿಗೆ ಹಿಡಿದಳು. ನಾನೂ ನೋಡಿದೆ. ನಮ್ಮ ಸುತ್ತ ನೀರು ಮಿರಮಿರ ಮಿಂಚುತ್ತಿತ್ತು. ಆ ಮಿಂಚು ಅಗಲವಾಗುತ್ತಾ ಹೋಗಿ ಅಜ್ಜಿಯನ್ನು ದಾಟಿ, ಇನ್ನಿಬ್ಬರು ಹೆಂಗಸರನ್ನು ದಾಟಿ, ಮರದ ಗೋಡೆಯ ಕಡೆಗೆ ಹೊರಟಿತು. ಆ ಗೋಡೆ ನೀರಿನ ಒಳಗೆ ಇಳಿದಿರಲಿಲ್ಲ. ಗಂಡಸರಿಗೂ ಹೆಂಗಸರಿಗೂ ಮೇಲೆ ಮಾತ್ರ ಮರೆ, ಕೆಳಗೆ ಒಂದೇ ತೊಟ್ಟಿ. ನಮ್ಮ ಹರಳೆಣ್ಣೆ ಗೋಡೆಯ ಅಡಿಯಿಂದ ನುಸುಳಿ ಆ ಕಡೆಗೂ ಹೋಯಿತು.

ಆ ಕಡೆ ಗಂಡಸರು ಏನೋ ಮಾತಾಡಿಕೊಂಡರು. ನೀರು ತುಳುಕಿಸಿ ಏಳುವ ಸದ್ದು ಒಂದಾದ ಮೇಲೊಂದು ಕೇಳಿಸಿತು. ಆಮೇಲೆ ಗೋಡೆಯ ಮೇಲಿನಿಂದ ಅಪ್ಪನ ದನಿ ಬಂತು. "ಎಣ್ಣೆ ತೊಳ್ಕೊಂಡು ಇಳಿದೆ ತಾನೇ?"

ಅಮ್ಮ ಕಣ್ಣು ಬಿಟ್ಟು, ಕೂದಲನ್ನು ನೀರಿನಿಂದ ಮೇಲೆತ್ತಿ ಹಿಡಿದಳು.

ಯಾರೂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು, ತಿರುಗಿ ಬೈಯಬಹುದಿತ್ತು. ಹೆಂಗಸರು ಮೆಲ್ಲಗೆ ಎದ್ದು, ನಮ್ಮ ಕಡೆ ನೋಡದೆ, ತಮ್ಮ ಮೈಯನ್ನು ಇನ್ನೊಂದು ಸಲ ಸೋಪು ಹಾಕಿ ತೊಳೆದುಕೊಂಡರು. ಅಜ್ಜಿ ಬೋಗುಣಿ ಹಿಡಿದು ಮೇಲಿನ ಎಣ್ಣೆಯನ್ನು ಮೊಗೆದು ಹೊರಗೆ ಚೆಲ್ಲತೊಡಗಿದಳು. ಅಮ್ಮನೂ ಮೊಗೆದಳು. ಮೊಗೆದಷ್ಟೂ ಎಣ್ಣೆ ಚದುರಿ ಇನ್ನೂ ಅಗಲವಾಯಿತು. ಅಷ್ಟರಲ್ಲಿ ಸ್ನಾನದ ಮನೆ ನೋಡಿಕೊಳ್ಳುವವಳು ಬಂದು, ತೊಟ್ಟಿಯ ಬೆಣೆ ಕಿತ್ತು ನೀರೆಲ್ಲ ಹರಿಯಬಿಟ್ಟಳು. ಒಂದು ಕೊಳವೆಯಿಂದ ಸಣ್ಣಗೆ ಬೀಳುವ ಬುಗ್ಗೆಯ ನೀರು ಮತ್ತೆ ತುಂಬಬೇಕಾದರೆ ಸಂಜೆಯಾಗುತ್ತಿತ್ತು.

ಸೀಗೆಪುಡಿಯ ಪೊಟ್ಟಣ ಬಿಚ್ಚಲೇ ಇಲ್ಲ. ಎಣ್ಣೆ ತೊಟ್ಟಿಕ್ಕುವ ಕೂದಲಿನಲ್ಲೇ ನಾವು ಹೊರಗೆ ಬಂದೆವು. ಬಾಗಿಲಿಗೆ ಬೋರ್ಡು ತೂಗುಹಾಕಿದ್ದರು. ಟವೆಲ್ಲು ಹಿಡಿದು ಬಂದವರು ಅದನ್ನು ಓದಿ, ನಮ್ಮನ್ನು ನೋಡಿ, ಬಂದ ದಾರಿಯಲ್ಲೇ ಹಿಂತಿರುಗುತ್ತಿದ್ದರು. ಅಪ್ಪ ಅವರಲ್ಲಿ ಒಬ್ಬೊಬ್ಬರಿಗೂ ಸೊಂಟ ಬಗ್ಗಿಸಿ ನಮಸ್ಕಾರ ಮಾಡುತ್ತಿದ್ದರು. ವರ್ಕ್‌ಶಾಪಿನಲ್ಲಿ ಹತ್ತಾರು ಜನರ ಮೇಲೆ ಅರಬ್ಬಿಯಲ್ಲಿ ಯಲ್ಲಾ ಯಲ್ಲಾ, ಬೇಗ ಬೇಗ ಎಂದು ದಬಾಯಿಸುವ ಅಪ್ಪ. ಭೂಮಿ ಬಾಯಿ ಬಿಟ್ಟಿದ್ದರೆ ನಾನು ಸಂತೋಷವಾಗಿ ಇಳಿದುಹೋಗುತ್ತಿದ್ದೆ.

ವಸತಿಗೃಹದ ಒಡತಿಗೆ ಅಷ್ಟರಲ್ಲಿ ಸುದ್ದಿ ಮುಟ್ಟಿತ್ತು. ಅವಳು ನಗುತ್ತಲೇ ಎದುರಿಗೆ ಬಂದಳು. ಅಪ್ಪ ಮತ್ತೆ ಬಗ್ಗಿ, ಅಮ್ಮನ ಕಡೆ ಕೈ ತೋರಿಸಿ, "ಸಾರಿ, ಮೇಡಂ. ಷಿ ಈಸ್ ಫ್ರಮ್ ಎ ವಿಲೇಜ್. ಷಿ ಡಸಂಟ್ ನೋ" ಎಂದರು.

ಅಮ್ಮ ಮೈಸೂರಿನ ಪೇಟೆ ನಡುವೆ ಹುಟ್ಟಿ ಬೆಳೆದವಳು, ಬಿ.ಎಸ್ಸಿ. ಓದಿದವಳು. ಹಳ್ಳಿ ಅಪ್ಪನದು. ಅಮ್ಮ ಕೋಣೆಗೆ ಹೋಗಿ, ಷವರಿನ ಕೆಳಗೆ ನಿಂತು, ಹೋಟೆಲಿನ ಶಾಂಪೂ ಹಾಕಿ ಹಬ್ಬ ಮುಗಿಸಿದಳು. ಬೆಳಗ್ಗೆ ಅಮ್ಮನಿಂದ ನನಗೆ ಅವಮಾನವಾಗಿತ್ತು. ಆ ಹೊತ್ತಿಗೆ ಅಪ್ಪನಿಂದಲೂ ಆಯಿತು. ಯಾವುದು ಹೆಚ್ಚು ಸುಟ್ಟಿತು ಎಂದು ಇವತ್ತಿಗೂ ಹೇಳಲಾರೆ.

ಮಧ್ಯಾಹ್ನ ಊರು ನೋಡಲು ಹೊರಟೆವು. ಹಿಂತಿರುಗುವ ಟಿಕೆಟ್ ಎಲ್ಲ ಮೊದಲೇ ಆಗಿತ್ತಲ್ಲ, ಬೇಗ ಹೊರಟುಬಿಡುವ ಹಾಗಿರಲಿಲ್ಲ. ಹಬೆಯಲ್ಲಿ ಮೊಟ್ಟೆ ಬೇಯಿಸುವ ಜಾಗ, ಕೆಂಪು ಸೇತುವೆ, ಆಟದ ಬಂದೂಕಿನಿಂದ ಗೊಂಬೆ ಬೀಳಿಸುವ ಅಂಗಡಿ. ನಾನು ಒಂದು ಗೊಂಬೆಯನ್ನೂ ಬೀಳಿಸಲಿಲ್ಲ. ಎದುರಿಗೆ ಬಂದವರೆಲ್ಲ ನಮ್ಮ ವಿಷಯವೇ ಮಾತಾಡುತ್ತಿದ್ದಾರೆ ಅನ್ನಿಸುತ್ತಿತ್ತು. ಬೀದಿಯ ಬದಿಯಲ್ಲಿ ದಾರಿಹೋಕರು ಕಾಲು ಇಳಿಬಿಟ್ಟು ಕೂರುವ ಬಿಸಿನೀರಿನ ಕಾಲುವೆಯಿತ್ತು. ಅಪ್ಪನೂ ನಾನೂ ಕಾಲು ಇಳಿಬಿಟ್ಟೆವು. ಅಮ್ಮ ಕಾಲು ಮೇಲೆಳೆದುಕೊಂಡು ಕಲ್ಲಿನ ಮೇಲೆ ಕೂತಳು.

ಬೆಳಗಿನ ಅಜ್ಜಿ ಆ ದಾರಿಯಲ್ಲೇ ಬಂದು ಅಮ್ಮನ ಪಕ್ಕ ಕೂತಳು. ಶಾಂಪೂ ಹಾಕಿದ್ದರೂ ಅಮ್ಮನ ಕೂದಲು ಎಣ್ಣೆ ಕುಡಿದು ಹೊಳೆಯುತ್ತಿತ್ತು. ಅಜ್ಜಿ ಅದರ ತುದಿಯನ್ನು ಎರಡು ಬೆರಳಲ್ಲಿ ಹಿಡಿದು, ಬಹಳ ಚೆನ್ನಾಗಿದೆ ಎನ್ನುವ ಹಾಗೆ ತಲೆಯಾಡಿಸಿದಳು. ನೀರನ್ನು ತೋರಿಸಿ, ಕಾಲು ಇಳಿಬಿಡು ಎಂದು ಸನ್ನೆ ಮಾಡಿದಳು. ಅಮ್ಮ ಕೂದಲನ್ನು ಎಳೆದುಕೊಂಡು ಗಂಟು ಕಟ್ಟಿ, ಸೆರಗಿನೊಳಗೆ ಮುಚ್ಚಿಟ್ಟುಕೊಂಡಳು. "ಬೇಡ ಅಂತ ಹೇಳೇ ಅವರಿಗೆ" ಎಂದಳು. ನನಗೆ ಜಪಾನಿ ಭಾಷೆ ಬರುತ್ತಿರಲಿಲ್ಲ. ಅಜ್ಜಿ ಎದ್ದು ಹೋದಳು.

ಅದಾದ ಮೇಲೆ ನಮ್ಮ ಮನೆಯಲ್ಲಿ ದೀಪಾವಳಿಗೆ ಕಜ್ಜಾಯ ಆಗುತ್ತದೆ, ಬಾಲ್ಕನಿಯಲ್ಲಿ ಹಣತೆ ಸಾಲು ಇರುತ್ತದೆ. ಹಾಲಿನಲ್ಲಿ ಪೇಪರ್ ಹಾಸುವುದಿಲ್ಲ, ಮಣೆ ಇಡುವುದಿಲ್ಲ. ಮೊದಮೊದಲು ನಾನು ಪಾರಾದೆ ಎಂದುಕೊಂಡಿದ್ದೆ. ಎಣ್ಣೆಯ ಜಿಡ್ಡು ಯಾವ ಮಗುವಿಗೆ ಬೇಕು? ಅಪ್ಪ ಜಪಾನಿನ ವಿಷಯ ಎತ್ತುವುದೇ ಇಲ್ಲ. ಒಂದು ವರ್ಷ ಹಬ್ಬದ ಬೆಳಗ್ಗೆ "ಎಣ್ಣೆ ಗಿಣ್ಣೆ ಏನಿಲ್ವೇನೇ?" ಎಂದು ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿದರು. ಅಮ್ಮ ಕೇಳಿಸಲಿಲ್ಲವೆಂಬಂತೆ ಮಿಕ್ಸಿ ಹಾಕಿದಳು. ಅಪ್ಪ ಟವೆಲ್ಲು ಹೆಗಲಿಗೆ ಹಾಕಿಕೊಂಡು ಬಚ್ಚಲಿಗೆ ಹೋದರು.

ಈಗ ನಾನು ಕುವೈತ್ ಸಿಟಿಯಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದೇನೆ. ಮೂವರೂ ಸಮುದ್ರದ ಪಕ್ಕದ ಹೊಸ ಕಟ್ಟಡಕ್ಕೆ ಬಂದಿದ್ದೇವೆ. ಇಲ್ಲಿ ನಲ್ಲಿ ತಿರುಗಿಸಿದರೆ ಬಿಸಿನೀರು ಬರುತ್ತಲೇ ಇರುತ್ತದೆ, ಯಾರು ಮೊದಲು ಯಾರು ಕೊನೆ ಎಂಬ ಮಾತಿಲ್ಲ. ಹೋದ ದೀಪಾವಳಿಗೆ ನಾನೇ ಹರಳೆಣ್ಣೆ ತಂದು, ಬೆಚ್ಚಗೆ ಮಾಡಿ, ಅಮ್ಮನ ಕಾಲ ಬಳಿ ನೆಲದ ಮೇಲೆ ಕೂತೆ.

"ತಲೆಗೆ ಎಣ್ಣೆ ಇಡಮ್ಮ" ಎಂದೆ. ಕನ್ನಡದಲ್ಲೇ ಕೇಳಿದೆ.

ಅಮ್ಮನ ಕೈ ನನ್ನ ನೆತ್ತಿಯ ಮೇಲೆ ಬಂತು. ಈಗ ತಟ್ಟುತ್ತಾಳೆ ಎಂದು ಕಣ್ಣು ಮುಚ್ಚಿದೆ. ಕೈ ಅಲ್ಲೇ ಒಂದು ಗಳಿಗೆ ಇದ್ದು, ಬಟ್ಟಲನ್ನು ಆಚೆಗೆ ಸರಿಸಿತು.

"ಬೇಡ ಬಿಡು ಪುಟ್ಟಿ. ನೀರು ಕೆಡುತ್ತೆ."

ನಮ್ಮದೇ ಮನೆ, ನಮ್ಮದೇ ಬಚ್ಚಲು, ಬಾಗಿಲು ಹಾಕಿಕೊಂಡರೆ ಕೇಳುವವರು ಯಾರೂ ಇಲ್ಲ. ಆದರೂ ಅಮ್ಮ ಆ ಮಾತನ್ನು ಪಕ್ಕದ ಮನೆಯವರಿಗೆ ಕೇಳಿಸದ ಹಾಗೆ, ಮೆಲ್ಲಗೆ ಹೇಳಿದಳು.